ಕಾಣದ ಜೊತೆಗಾರ

ಕೂಡಿ ಕೆಲಸ ಮಾಡುವುದು ಎಂದರೆ ಒಂದು ಕಡೆ ಸೇರಿ ಮಾಡುವುದು ಎಂದೇ ನಮ್ಮ ಹಿರಿಯರ ತಿಳಿವಳಿಕೆ. ನಮ್ಮ ನುಡಿಯಲ್ಲಿಯೂ ಆ ತಿಳಿವಳಿಕೆ ಅಡಗಿದೆ. 'ಕೂಡು' ಎಂಬ ಒಂದೇ ಮಾತಿನಲ್ಲಿ ಸೇರುವುದೂ ಇದೆ, ಜೊತೆಯಾಗುವುದೂ ಇದೆ, ಲೆಕ್ಕದಲ್ಲಿ ಮೊತ್ತವಾಗುವುದೂ ಇದೆ. ಹಳ್ಳಿಯಲ್ಲಿ ಬೇಸಾಯ ಮಾಡಿದವರಿಗೆ ಮುಯ್ಯಾಳಿನ ಪದ್ಧತಿ ಗೊತ್ತು. ಇಂದು ನನ್ನ ಗದ್ದೆಯ ನಾಟಿಗೆ ನಿಮ್ಮ ಮನೆಯವರು ಬಂದರೆ, ನಾಳೆ ನಿಮ್ಮ ಗದ್ದೆಯ ನಾಟಿಗೆ ನನ್ನ ಮನೆಯವರು ಬರಬೇಕು. ಅದಕ್ಕೆ ಕಾಗದವಿಲ್ಲ, ಕರಾರಿಲ್ಲ, ಸಾಕ್ಷಿಯಿಲ್ಲ. ಆದರೂ ಅದು ತಪ್ಪದೆ ನಡೆಯುತ್ತಿತ್ತು. ಹೇಗೆ ನಡೆಯುತ್ತಿತ್ತು ಎಂದರೆ, ಕಣ್ಣೆದುರಿನ ಸಂಕೋಚದಿಂದ. ಪಕ್ಕದಲ್ಲಿ ಬಗ್ಗಿ ಪೈರು ಊರುವವರು ನನ್ನ ಕೈಯನ್ನು ನೋಡುತ್ತಿರುತ್ತಾರೆ. ಅವರ ಬೆನ್ನನ್ನು ನಾನು ನೋಡುತ್ತಿರುತ್ತೇನೆ. ಅವರು ಬಳಲಿದ್ದು ನನಗೆ ತಿಳಿಯುತ್ತದೆ. ನಾನು ಮೈಗಳ್ಳತನ ಮಾಡಿದ್ದು ಅವರಿಗೆ ತಿಳಿಯುತ್ತದೆ. ಸಂಜೆ ಒಂದೇ ದಾರಿಯಲ್ಲಿ ಮನೆಗೆ ನಡೆಯಬೇಕು. ಮರುದಿನ ಒಂದೇ ಬಾವಿಯ ಬಳಿ ಎದುರಾಗಬೇಕು. ಮನುಷ್ಯನ ಸಜ್ಜನಿಕೆಯ ಬಹುಭಾಗ ಈ ಎದುರಾಗುವಿಕೆಯಿಂದಲೇ ಹುಟ್ಟುತ್ತದೆ ಎಂದರೆ ಹೆಚ್ಚು ಹೇಳಿದಂತಾಗದು.

ಎದುರಾಗುವ ಸಂಭವವೇ ಇಲ್ಲದ ಜನರು ಕೂಡಿ ಕೆಲಸ ಮಾಡಬೇಕಾಗಿ ಬಂದರೆ ಆಗ ಗತಿ ಏನು? ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಗಣಕಯಂತ್ರಗಳನ್ನು ನಡೆಸುವ ಸೂಚನೆಗಳ ಕಟ್ಟನ್ನು ಸಾಫ್ಟ್‌ವೇರ್ ಎನ್ನುತ್ತಾರೆ. ಕನ್ನಡದಲ್ಲಿ ತಂತ್ರಾಂಶ ಎಂದು ಅದಕ್ಕೆ ಹೆಸರಿಟ್ಟಿದ್ದೇವೆ. ಈ ತಂತ್ರಾಂಶಕ್ಕೆ ತೂಕವಿಲ್ಲ. ಗಳಿಗೆಯೊಳಗೆ ಭೂಮಿಯ ಆಚೆಯ ಬದಿಗೆ ಹೋಗಬಲ್ಲದು. ಆದ್ದರಿಂದ ಅದನ್ನು ಕಟ್ಟುವವರು ಒಂದೇ ಸೂರಿನ ಕೆಳಗೆ ಕುಳಿತಿರಬೇಕೆಂಬ ನಿರ್ಬಂಧವಿಲ್ಲ. ೧೯೮೫ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ಬೆಂಗಳೂರಿನಲ್ಲಿ ಕಚೇರಿ ತೆರೆದು, ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಕಡಲಾಚೆಗೆ ಕಳುಹಿಸುವ ಏರ್ಪಾಡು ಮಾಡಿತು. ಆ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರವನ್ನು ಓದುಗರಲ್ಲಿ ಕೆಲವರಾದರೂ ನೋಡಿರಬಹುದು. ೧೯೯೧ರ ಆಗಸ್ಟ್ ೨೫ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಎಂಬವರು, ತಾವು ಹವ್ಯಾಸಕ್ಕೆಂದು ಒಂದು ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ಗಣಕಜಾಲದ ಮೇಲೆ ತಿಳಿಸಿದರು. ಆ ಹವ್ಯಾಸವೇ ಲಿನಕ್ಸ್ ಆಗಿ ಬೆಳೆದು, ಇಂದು ನಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನ ಒಳಗೂ ಕುಳಿತಿದೆ. ಅದನ್ನು ಬರೆದವರು ಸಾವಿರಾರು ಮಂದಿ, ಹಲವು ದೇಶಗಳವರು, ಅವರಲ್ಲಿ ಎಷ್ಟೋ ಜನ ಒಬ್ಬರ ಮುಖವನ್ನೊಬ್ಬರು ನೋಡಿದವರಲ್ಲ. ೨೦೨೦ರಲ್ಲಿ ಕೋವಿಡ್ ಪಿಡುಗು ಬಂದಾಗ ಕಚೇರಿಗಳ ಬಾಗಿಲು ಮುಚ್ಚಿ, ಈ ಬಗೆಯ ಬಾಳು ಲಕ್ಷಾಂತರ ಮನೆಗಳ ನಡುಮನೆಗೇ ಬಂದು ಕುಳಿತಿತು.

ಇಲ್ಲಿ ಏಳುವ ಪ್ರಶ್ನೆಗಳು ಎರಡು. ಕಾಣದವನನ್ನು ನಂಬಬಹುದೆ ಎಂಬುದು ಒಂದು. ನಂಬಿ ಕೆಲಸ ತೆಗೆದುಕೊಂಡ ಮೇಲೆ ಅವನಿಗೆ ನಮ್ಮಿಂದ ಸಲ್ಲಬೇಕಾದದ್ದೇನು ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ವಿರಳ. ಆದರೆ ಎರಡನೆಯದಕ್ಕೆ ಉತ್ತರ ಕೊಡದೆ ಮೊದಲನೆಯದು ಬಗೆಹರಿಯುವಂತಿಲ್ಲ ಎಂದು ನನಗೆ ತೋರುತ್ತದೆ.

*

ಈ ಕಸುಬಿನವರು ಮೊದಲನೆಯ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರ ಬಲು ಜಾಣತನದ್ದು. ಆಳನ್ನು ನಂಬುವ ಗೋಜಿಗೇ ಹೋಗಬೇಕಾಗಿಲ್ಲ, ಅವನು ಕಳುಹಿಸಿದ ಕೆಲಸವನ್ನು ನೋಡಿದರೆ ಸಾಕು ಎನ್ನುತ್ತಾರೆ ಅವರು. ಲಿನಕ್ಸಿನಲ್ಲಿ ಏನನ್ನಾದರೂ ಸರಿಪಡಿಸಬೇಕೆನ್ನುವವನು ತನ್ನ ತಿದ್ದುಪಡಿಯನ್ನು ಒಂದು 'ಪ್ಯಾಚ್' ಆಗಿ, ಎಂದರೆ ತೇಪೆಯಾಗಿ, ಇ-ಮೇಲಿನಲ್ಲಿ ಕಳುಹಿಸುತ್ತಾನೆ. ಈ ತೇಪೆ ಏಕೆ ಬೇಕಾಯಿತು ಎಂಬ ವಿವರಣೆ ಜೊತೆಗೇ ಇರಬೇಕು. ಆ ವಿಭಾಗದ ಉಸ್ತುವಾರಿ ಹೊತ್ತವರು ಅದನ್ನು ಸಾಲುಸಾಲಾಗಿ ಓದುತ್ತಾರೆ. ಎಲ್ಲರಿಗೂ ಕಾಣುವಂತೆ ತಪ್ಪುಗಳನ್ನು ಎತ್ತಿ ತೋರಿಸುತ್ತಾರೆ. ತಿದ್ದಿ ಮತ್ತೆ ಕಳುಹಿಸು ಎನ್ನುತ್ತಾರೆ. ಒಪ್ಪಿಗೆಯಾದ ಮೇಲೆ ತಮ್ಮ ಹೆಸರನ್ನೂ ಸೇರಿಸಿ ಮೇಲಿನವರಿಗೆ ದಾಟಿಸುತ್ತಾರೆ. ಬರೆದವನ ರುಜು ಇರಬೇಕು, ದಾಟಿಸಿದ ಪ್ರತಿಯೊಬ್ಬನ ರುಜುವೂ ಇರಬೇಕು ಎಂಬುದು ೨೦೦೪ರಿಂದ ಈಚೆಗೆ ಅಲ್ಲಿನ ಕಟ್ಟುನಿಟ್ಟು. ೨೦೦೫ರಲ್ಲಿ ಟೋರ್ವಾಲ್ಡ್ಸ್ ಈ ವ್ಯವಹಾರಕ್ಕೆಂದೇ 'ಗಿಟ್' ಎಂಬ ಇನ್ನೊಂದು ತಂತ್ರಾಂಶವನ್ನು ರಚಿಸಿದರು. ಅದರಲ್ಲಿ ಪ್ರತಿಯೊಂದು ಬದಲಾವಣೆಗೂ, ಅದರೊಳಗಿನ ಅಕ್ಷರಗಳಿಂದಲೇ ಲೆಕ್ಕಹಾಕಿ ತೆಗೆದ ಒಂದು ಬೆರಳಚ್ಚು ಇರುತ್ತದೆ. ಆ ಲೆಕ್ಕದಲ್ಲಿ ಹಿಂದಿನ ಬದಲಾವಣೆಯ ಬೆರಳಚ್ಚೂ ಸೇರಿರುತ್ತದೆ. ಹಳೆಯ ಪುಟದ ಒಂದು ಅಕ್ಷರವನ್ನು ಯಾರಾದರೂ ಗುಟ್ಟಾಗಿ ತಿದ್ದಿದರೆ ಅಲ್ಲಿಂದ ಮುಂದಿನ ಬೆರಳಚ್ಚುಗಳೆಲ್ಲ ಬೇರೆಯಾಗಿ ಮೋಸ ಹೊರಬೀಳುತ್ತದೆ. ನಮ್ಮ ಶ್ಯಾನುಭೋಗರ ಕಡತಗಳಿಗೆ ಇಂಥ ಗುಣವಿದ್ದಿದ್ದರೆ ಎಷ್ಟು ವ್ಯಾಜ್ಯಗಳು ಹುಟ್ಟದೆಯೇ ಹೋಗುತ್ತಿದ್ದವೋ!

ಈ ಪದ್ಧತಿಯಲ್ಲಿ ಒಂದು ದೊಡ್ಡ ನೈತಿಕ ಲಾಭವೂ ಇದೆ. ಮುಖ ಕಾಣದ ಕಡೆ ಮುಖ ನೋಡಿ ಮಣೆ ಹಾಕುವುದು ಕಡಮೆಯಾಗುತ್ತದೆ. ತೇಪೆ ಕಳುಹಿಸಿದವನ ಮೈಬಣ್ಣ ಯಾವುದು, ಅವನ ಇಂಗ್ಲಿಷಿನ ಉಚ್ಚಾರ ಎಂಥದು, ಕಾಲೇಜಿನ ಮೆಟ್ಟಿಲು ಹತ್ತಿದವನೊ ಅಲ್ಲವೊ ಎಂಬ ಯಾವುದೂ ತೇಪೆಯಲ್ಲಿ ಕಾಣುವುದಿಲ್ಲ. ಹೆಸರೊಂದು ಕಾಣುತ್ತದೆ; ಹೆಸರನ್ನು ಕಂಡೇ ಆಳೆಯುವವರು ಅಲ್ಲಿಯೂ ಉಂಟು; ಆದರೂ ಕೊನೆಗೆ ನಿಲ್ಲುವುದು ಕೆಲಸವೇ. ಎದುರಾಗುವಿಕೆಯಿಂದ ಸಜ್ಜನಿಕೆ ಹುಟ್ಟುತ್ತದೆ ಎಂದೆನಷ್ಟೆ. ಅದೇ ಎದುರಾಗುವಿಕೆಯಿಂದ ಅವಮಾನವೂ ಹುಟ್ಟುತ್ತದೆ ಎಂಬುದನ್ನು ನಮ್ಮ ಸಮಾಜಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಯಾರ ಪಕ್ಕದಲ್ಲಿ ಯಾರು ನಿಲ್ಲಬಹುದು, ಯಾರ ಮನೆಯ ನೀರನ್ನು ಯಾರು ಕುಡಿಯಬಹುದು ಎಂಬುದಕ್ಕೆ ಹಳ್ಳಿಯಲ್ಲಿ ಕಟ್ಟಳೆಗಳಿದ್ದವು. ಮುಯ್ಯಾಳು ಆ ಕಟ್ಟಳೆಗಳನ್ನು ದಾಟಿ ಬಂದದ್ದು ಅಪರೂಪ. ದೂರದ ಜೊತೆಗಾರಿಕೆಯನ್ನು ಹಳಿಯುವ ಮುನ್ನ ಈ ಲೆಕ್ಕವನ್ನೂ ಹಾಕಬೇಕು.

ಆದರೆ ಮುಖ ಕಾಣದ ಕಡೆ ನಾಲಗೆಗೆ ಲಗಾಮು ಇಲ್ಲದೆ ಹೋಗುವುದೂ ಸುಲಭ. ಎದುರಿಗಿದ್ದವನ ಕಣ್ಣು ಸಣ್ಣಗಾಗುವುದನ್ನು ಕಂಡರೆ ನಾವು ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ. ತೆರೆಯ ಮೇಲಿನ ಅಕ್ಷರಗಳಿಗೆ ಕಣ್ಣಿಲ್ಲ. ಟೋರ್ವಾಲ್ಡ್ಸ್ ತಮಗೆ ಸರಿಕಾಣದ ಕೆಲಸ ಕಳುಹಿಸಿದವರಿಗೆ ಬರೆಯುತ್ತಿದ್ದ ಬಿರುನುಡಿಯ ಪತ್ರಗಳು ಬಹುಕಾಲ ಪ್ರಸಿದ್ಧವಾಗಿದ್ದವು. ೨೦೧೮ರ ಸೆಪ್ಟೆಂಬರಿನಲ್ಲಿ ಅವರು ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರವಿದ್ದು, ಮತ್ತೆ ಬಂದರು. ಲಿನಕ್ಸಿನವರು ನಡತೆಯ ಹೊಸ ನಿಯಮಗಳನ್ನೂ ಆಗ ಗೊತ್ತುಮಾಡಿಕೊಂಡರು. ಕೆಲಸವನ್ನು ಮಾತ್ರ ನೋಡುತ್ತೇವೆ, ಆಳನ್ನು ನೋಡುವುದಿಲ್ಲ ಎಂಬ ತತ್ತ್ವ ಇಪ್ಪತ್ತೇಳು ವರ್ಷಗಳ ಮೇಲೆ ತಾನೇ ಒಪ್ಪಿಕೊಂಡ ಮಿತಿ ಅದು. ಕೆಲಸದ ಹಿಂದೆ ಆಳು ಇದ್ದೇ ಇರುತ್ತಾನೆ. ಕೆಲಸಕ್ಕೆ ಬಿದ್ದ ಪೆಟ್ಟು ಅವನಿಗೇ ತಗಲುತ್ತದೆ.

೨೦೨೧ರ ಏಪ್ರಿಲಿನಲ್ಲಿ ಇನ್ನೊಂದು ವಿವಾದ ಎದ್ದಿತು. ಬಹಿರಂಗ ತಂತ್ರಾಂಶಗಳೊಳಕ್ಕೆ ದೋಷಗಳನ್ನು ಬೇಕೆಂದೇ ನುಸುಳಿಸಲು ಸಾಧ್ಯವೆ ಎಂದು ತಿಳಿಯುವುದಕ್ಕಾಗಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಕೆಲವು ಸಂಶೋಧಕರು ಲಿನಕ್ಸಿಗೆ ಕಪಟದ ತೇಪೆಗಳನ್ನು ಕಳುಹಿಸಿದ್ದರು. ದೋಷ ಒಳಸೇರದಂತೆ ತಾವು ಎಚ್ಚರಿಕೆ ವಹಿಸಿದ್ದೆವು ಎಂಬುದು ಅವರ ಸಮಾಧಾನ. ಲಿನಕ್ಸಿನ ಹಿರಿಯ ಉಸ್ತುವಾರಿಗಳಲ್ಲೊಬ್ಬರಾದ ಗ್ರೆಗ್ ಕ್ರೋವ-ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದಿಂದ ಬರುವ ಕೆಲಸವನ್ನೇ ತಡೆಹಿಡಿದರು. ಸಂಶೋಧಕರು ಕ್ಷಮೆ ಕೇಳಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಬಾಗಿಲು ಭದ್ರವಾಗಿದೆಯೆ ಎಂದು ನೋಡಲು ಕಳ್ಳನ ವೇಷ ಹಾಕಿದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ಮನೆಯವರಲ್ಲಿ ಒಬ್ಬರಿಗಾದರೂ ಹೇಳಿ ಮಾಡಿದರೆ ಅದು ಪರೀಕ್ಷೆ; ಯಾರಿಗೂ ಹೇಳದೆ ಮಾಡಿದರೆ ಅವರ ವೇಳೆಯನ್ನೂ ವಿಶ್ವಾಸವನ್ನೂ ಕದ್ದಂತೆ. ಅಪರಿಚಿತನ ತೇಪೆಯನ್ನು ಬಿಚ್ಚಿ ಓದುವವನು ಈತ ಒಳ್ಳೆಯದಕ್ಕೇ ಬಂದಿದ್ದಾನೆ ಎಂಬ ಭಾವನೆಯಿಂದ ತನ್ನ ಸಂಜೆಯೊಂದನ್ನು ಕೊಡುತ್ತಾನೆ. ಅಷ್ಟು ನಂಬಿಕೆ ಇಲ್ಲದಿದ್ದರೆ ಯಾವ ಪರಿಶೀಲನೆಯೂ ಆರಂಭವಾಗುವುದೇ ಇಲ್ಲ. ಆದ್ದರಿಂದ ಕೆಲಸವನ್ನು ಮಾತ್ರ ನೋಡುತ್ತೇವೆ ಎನ್ನುವವರೂ ಆಳನ್ನು ಸ್ವಲ್ಪ ನಂಬಿಯೇ ಇರುತ್ತಾರೆ. ಈ ಸ್ವಲ್ಪ ನಂಬಿಕೆಯನ್ನು ಹಿಡಿದು ಒಳಹೊಕ್ಕವನೊಬ್ಬನ ಕಥೆ ೨೦೨೪ರಲ್ಲಿ ಹೊರಬಿತ್ತು.

*

'ಎಕ್ಸ್‌ಝಡ್' ಎಂಬುದು ಗಣಕದ ಕಡತಗಳನ್ನು ಒತ್ತಿ ಚಿಕ್ಕದು ಮಾಡಿಡುವ ತಂತ್ರಾಂಶ. ಹಾಸಿಗೆಯನ್ನು ಸುತ್ತಿ ಹಗ್ಗ ಬಿಗಿಯುವಂಥ ಕೆಲಸ ಅದರದು. ಯಾರ ಕಣ್ಣಿಗೂ ಬೀಳುವ ಕೆಲಸವಲ್ಲ. ಆದರೆ ಲಿನಕ್ಸ್ ನಡೆಯುವ ಹೆಚ್ಚುಕಡಮೆ ಎಲ್ಲ ಕಡೆಯಲ್ಲಿಯೂ ಅದು ಇದೆ. ಅದರ ಉಸ್ತುವಾರಿಯನ್ನು ಅನೇಕ ವರ್ಷಗಳಿಂದ ಹೊತ್ತು ಬಂದವರು ಲಾಸೆ ಕೋಲಿನ್ ಎಂಬ ಒಬ್ಬರೇ. ಅದು ಅವರ ನೌಕರಿಯಲ್ಲ. ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸ. ಅದನ್ನು ಬಳಸುತ್ತಿದ್ದವರಲ್ಲಿ ಜಗತ್ತಿನ ಭಾರಿ ಕಂಪೆನಿಗಳೂ ಇದ್ದವು.

೨೦೨೧ರಲ್ಲಿ ಜಿಯಾ ತಾನ್ ಎಂಬ ಹೆಸರಿನಿಂದ ಕೋಲಿನ್ನರಿಗೆ ಸಣ್ಣಪುಟ್ಟ ತೇಪೆಗಳು ಬರತೊಡಗಿದವು. ಕೆಲಸ ಅಚ್ಚುಕಟ್ಟಾಗಿತ್ತು. ೨೦೨೨ರಲ್ಲಿ ಬೇರೆ ಬೇರೆ ಹೆಸರುಗಳಿಂದ ದೂರಿನ ಪತ್ರಗಳು ಬಂದವು: ಕೆಲಸ ಬಹಳ ನಿಧಾನವಾಯಿತು, ಬಂದ ತೇಪೆಗಳನ್ನು ಕೇಳುವವರಿಲ್ಲ, ಆಗದಿದ್ದರೆ ಇನ್ನೊಬ್ಬರಿಗೆ ಬಿಟ್ಟುಕೊಡಬಾರದೆ ಎಂಬ ಧಾಟಿಯ ಪತ್ರಗಳು. ಕೋಲಿನ್ ಉತ್ತರ ಬರೆದರು. ತಮ್ಮ ಆಸಕ್ತಿ ಕುಂದಿಲ್ಲ. ಆದರೆ ಬಹುಕಾಲದ ಮನೋವ್ಯಾಧಿಯಿಂದ ಗಮನ ಕೊಡುವ ಶಕ್ತಿ ಕುಗ್ಗಿದೆ. ಇದು ಸಂಬಳವಿಲ್ಲದ ಹವ್ಯಾಸವೆಂಬುದನ್ನು ನೆನಪಿಡಬೇಕು: ಇದು ಆ ಉತ್ತರದ ಸಾರ. ಎಲ್ಲರೂ ಓದಬಹುದಾದ ಕಡೆ ಬರೆದ ಪತ್ರ ಅದು. ಮರುಕದ ಒಂದು ಮಾತಿನ ಬೆನ್ನಿಗೇ ಮತ್ತೆ ಒತ್ತಾಯ ಬಂದಿತು. ಆ ದೂರುಗಾರರು ನಿಜವಾದ ಮನುಷ್ಯರೇ ಆಗಿರಲಿಲ್ಲ, ಒಂದೇ ಸಂಚಿನ ಸುಳ್ಳು ಹೆಸರುಗಳಾಗಿದ್ದವು ಎಂಬುದು ಆಮೇಲೆ ಈ ಕಾಗದಗಳನ್ನು ಜೋಡಿಸಿ ನೋಡಿದವರ ಅಭಿಪ್ರಾಯ. ಆದರೆ ಆ ಹೊತ್ತಿನಲ್ಲಿ ಬಳಲಿದ ಒಬ್ಬ ಮನುಷ್ಯನ ಸುತ್ತ ಕಂಡದ್ದು ಇಷ್ಟು: ಬೈಯುವವರು ಕೆಲವರು, ಸುಮ್ಮನಿರುವವರು ಅಸಂಖ್ಯ, ಕೈಗೂಡಿಸುವವನು ಒಬ್ಬ. ಆ ಒಬ್ಬ ಜಿಯಾ ತಾನ್. ಕ್ರಮೇಣ ಅವನಿಗೆ ತಿದ್ದುವ ಅಧಿಕಾರ ದೊರೆಯಿತು; ಆಮೇಲೆ ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡುವ ಅಧಿಕಾರವೂ ದೊರೆಯಿತು.

೨೦೨೪ರ ಫೆಬ್ರವರಿ ಮತ್ತು ಮಾರ್ಚಿಯಲ್ಲಿ ಅವನು ಬಿಡುಗಡೆ ಮಾಡಿದ ಎರಡು ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲು ಇತ್ತು. ಪರೀಕ್ಷೆಗೆಂದು ಇಟ್ಟಿರುವ, ಮನುಷ್ಯರ ಓದಿಗೆ ದಕ್ಕದ ಅಂಕೆಗಳ ರಾಶಿಯಲ್ಲಿ ಅದನ್ನು ಅಡಗಿಸಿದ್ದ. ಆ ರಾಶಿಯಿಂದ ಅದನ್ನು ಎಬ್ಬಿಸುವ ಸೂಚನೆ ಗಿಟ್‌ನ ಬಹಿರಂಗ ಲೆಕ್ಕದಲ್ಲಿ ಇರಲೇ ಇಲ್ಲ. ಹಂಚಲು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ದೂರದ ಗಣಕಕ್ಕೆ ಬೀಗ ತೆಗೆದು ಒಳಹೋಗುವ 'ಎಸ್‌ಎಸ್‌ಎಚ್' ಎಂಬ ಏರ್ಪಾಡಿಗೆ ಕನ್ನ ಹಾಕುವುದು ಅದರ ಉದ್ದೇಶ. ಅದು ಎಲ್ಲೆಡೆ ಹರಡಿದ್ದರೆ ಲೆಕ್ಕವಿಲ್ಲದಷ್ಟು ಗಣಕಗಳ ಬೀಗದ ಕೈ ಒಬ್ಬನ ಸೊಂಟದಲ್ಲಿರುತ್ತಿತ್ತು. ಬೆರಳಚ್ಚುಗಳ ಸರಪಣಿ ಎಲ್ಲಿಯೂ ತಪ್ಪಿರಲಿಲ್ಲ, ರುಜುಗಳೆಲ್ಲ ಸರಿಯಾಗಿದ್ದವು. ಕಳ್ಳ ಬಂದದ್ದು ಬೀಗ ಮುರಿದಲ್ಲ; ಮನೆಯ ಯಜಮಾನ ದಣಿದಿದ್ದಾಗ ಚೀಲ ಹೊರಲು ಕೈಕೊಟ್ಟು ಒಳಗೆ ಬಂದ.

ಅದು ಹರಡುವ ಮೊದಲೇ ಸಿಕ್ಕಿಬಿದ್ದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರಿಂದ. ಜರ್ಮನ್ ಭಾಷೆಯಲ್ಲಿ ಆ ಹೆಸರಿಗೆ ಗೆಳೆಯ ಎಂದು ಅರ್ಥ. ಅವರು ಎಕ್ಸ್‌ಝಡ್‌ನ ಕೆಲಸದವರಲ್ಲ. ಬೇರೊಂದು ತಂತ್ರಾಂಶದ ವೇಗವನ್ನು ಅಳೆಯುತ್ತ ಕುಳಿತಿದ್ದವರು. ದೂರದ ಗಣಕಕ್ಕೆ ಪ್ರವೇಶಿಸುವಾಗ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡು! ಆ ತಡಕ್ಕೆ ಕಾರಣವೇನು ಎಂದು ಎಳೆ ಹಿಡಿದು ಹೊರಟವರು ಕಳ್ಳಬಾಗಿಲಿನ ಮುಂದೆ ಬಂದು ನಿಂತರು. ೨೦೨೪ರ ಮಾರ್ಚಿ ೨೯ರಂದು ಅದನ್ನು ಲೋಕಕ್ಕೆ ಸಾರಿದರು. ಜಿಯಾ ತಾನ್ ಮಾಯವಾದ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೊ, ಒಂದು ಗುಂಪೇ ಇತ್ತೊ ಎಂಬುದು ಬಯಲಿಗೆ ಬಂದಿಲ್ಲ.

*

ಈ ಕಥೆಯಿಂದ ಎರಡು ಪಾಠಗಳನ್ನು ಬಲು ಬೇಗ ಕಲಿತುಬಿಡಬಹುದು, ಎರಡೂ ಸರಿಯಲ್ಲ. ಕಾಣದವರನ್ನು ನಂಬಲೇಬಾರದು ಎಂಬುದು ಒಂದು. ಹಾಗೆಂದುಕೊಂಡರೆ ಲಿನಕ್ಸೇ ಹುಟ್ಟುತ್ತಿರಲಿಲ್ಲ. ಮತ್ತು ಕಂಡವರಿಂದ ಆದ ಮೋಸಗಳಿಗೆ ನಮ್ಮ ನ್ಯಾಯಾಲಯಗಳಲ್ಲಿ ಕೊರತೆಯಿಲ್ಲ. ಇನ್ನೊಂದು ಪಾಠ ಕಾವಲನ್ನು ಹೆಚ್ಚಿಸಬೇಕೆಂಬುದು. ಮನೆಯಿಂ‌ದ ಕೆಲಸ ಮಾಡುವವರು ನಿಜವಾಗಿ ಮಾಡುತ್ತಿದ್ದಾರೆಯೆ ಎಂದು ನೋಡಲು, ಗಣಕದ ಗುಂಡಿಗಳನ್ನು ಎಷ್ಟು ಸಲ ಒತ್ತಿದರು, 'ಮೌಸ್' ಎಷ್ಟು ಅಲುಗಿತು ಎಂದು ಎಣಿಸುವ ತಂತ್ರಾಂಶಗಳನ್ನು ಕೆಲವು ಕಂಪೆನಿಗಳು ಇಟ್ಟುಕೊಂಡಿವೆ. ಅದಕ್ಕೆ ಪ್ರತಿಯಾಗಿ, ಮೌಸನ್ನು ತಾನಾಗಿಯೇ ಅಲುಗಿಸುತ್ತಿರುವ ಪುಟ್ಟ ಯಂತ್ರಗಳು ಅಂಗಡಿಗೆ ಬಂದಿವೆ. ಒಂದು ಯಂತ್ರ ಅಲುಗಿಸುತ್ತದೆ, ಇನ್ನೊಂದು ಯಂತ್ರ ಎಣಿಸುತ್ತದೆ. ನಡುವೆ ಮನುಷ್ಯ ಎದ್ದು ಹೋಗಿದ್ದಾನೆ. ಜಿಯಾ ತಾನ್ ಈ ಎಣಿಕೆಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗುತ್ತಿದ್ದ, ಅವನ ಕೆಲಸದ ಶ್ರದ್ಧೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅನುತ್ತೀರ್ಣರಾಗುತ್ತಿದ್ದವರು ಕೋಲಿನ್!

ಹಾಗಾದರೆ ತಪ್ಪು ಎಲ್ಲಿತ್ತು? ಅಪರಿಚಿತನನ್ನು ನಂಬಿದುದರಲ್ಲಿ ಎಂದು ನನಗನ್ನಿಸುವುದಿಲ್ಲ. ಒಬ್ಬ ಮನುಷ್ಯನನ್ನು ಒಂಟಿಯಾಗಿ ಬಿಟ್ಟುದರಲ್ಲಿ ತಪ್ಪಿತ್ತು. ಜಗತ್ತೆಲ್ಲ ಅವನ ಕೆಲಸವನ್ನು ಬಳಸುತ್ತಿತ್ತು. ಅವನು ಹೇಗಿದ್ದಾನೆ ಎಂದು ಕೇಳುವ ಹೊಣೆ ಯಾರದೂ ಆಗಿರಲಿಲ್ಲ. ನನ್ನಿಂದ ಆಗುತ್ತಿಲ್ಲ ಎಂದು ಅವನು ಬಹಿರಂಗವಾಗಿ ಬರೆದಾಗ, ಅದನ್ನು ಓದಬಹುದಾಗಿದ್ದ ಕಂಪೆನಿಗಳಲ್ಲಿ ಒಂದಾದರೂ ಇಬ್ಬರು ಕೆಲಸಗಾರರನ್ನು ಅವನ ಜೊತೆಗೆ ಕೊಡಬಹುದಿತ್ತು. ಆ ಬರಿದಾದ ಜಾಗಕ್ಕೇ ವಂಚಕ ಬಂದದ್ದು. ಇದು ಹೊಸ ಮಾತೇನಲ್ಲ. ೨೦೧೪ರಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಹೊರಬಿದ್ದಾಗಲೂ, ಗಣಕಜಾಲದ ವ್ಯಾಪಾರಕ್ಕೆಲ್ಲ ಬೀಗವಾಗಿದ್ದ 'ಓಪನ್‌ಎಸ್‌ಎಸ್‌ಎಲ್' ತಂತ್ರಾಂಶವನ್ನು ಬೆರಳೆಣಿಕೆಯ ಜನ ಅತ್ಯಲ್ಪ ದೇಣಿಗೆಯಲ್ಲಿ ನಡೆಸುತ್ತಿದ್ದರೆಂದು ಲೋಕಕ್ಕೆ ತಿಳಿದಿತ್ತು. ಆಗ ಕಂಪೆನಿಗಳು ಎಚ್ಚೆತ್ತು ಹಣ ಕೂಡಿಸಿದವು. ಹತ್ತು ವರ್ಷದ ಮೇಲೆ ಇನ್ನೊಂದು ಮೂಲೆಯಲ್ಲಿ ಅದೇ ಕಥೆ. ಮುಯ್ಯಾಳಿನ ಸಾಲಿನಲ್ಲಿ ಒಬ್ಬ ಕುಸಿದು ಕುಳಿತರೆ ಪಕ್ಕದವನಿಗೆ ಹೇಳದೆಯೇ ತಿಳಿಯುತ್ತಿತ್ತು. ದೂರದ ಜೊತೆಗಾರಿಕೆಯಲ್ಲಿ ಹೇಳಿದರೂ ತಿಳಿಯದೆ ಹೋಗಬಹುದು. ದೂರದಿಂದ ನಾವು ಕಳೆದುಕೊಂಡದ್ದು ಕಾವಲನ್ನಲ್ಲ. ಈ ತಾನಾಗಿಯೇ ತಿಳಿಯುವುದನ್ನು.

ಕಳೆದುಕೊಂಡದ್ದನ್ನು ಬೇರೆ ದಾರಿಯಿಂದ ಸಂಪಾದಿಸಿಕೊಳ್ಳಬೇಕು. ಅದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಮಾತಿದೆ: ಅವಧಾನ. ಅಷ್ಟಾವಧಾನಿ ಎಂಟು ಜನ ಪೃಚ್ಛಕರ ಕಡೆಗೂ ಮನಸ್ಸನ್ನು ಕೊಟ್ಟಿರುತ್ತಾನೆ. ಒಬ್ಬರಿಗೆ ಉತ್ತರ ಹೇಳುವಾಗ ಇನ್ನೊಬ್ಬರು ಮರೆತುಹೋಗುವಂತಿಲ್ಲ. ಅರ್ಧ ಸೆಕೆಂಡಿನ ತಡವನ್ನು ಕಂಡು ಸುಮ್ಮನಾಗದೆ ಬೆನ್ನುಹತ್ತಿದ್ದು ಅವಧಾನವೇ. ಅದಕ್ಕೆ ವಿರುದ್ಧವಾದ ಒಂದು ನಿದರ್ಶನವೂ ಇದೆ. ೧೯೯೯ರ ಸೆಪ್ಟೆಂಬರ್ ೨೩ರಂದು ಅಮೆರಿಕದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆ ಮಂಗಳ ಗ್ರಹವನ್ನು ಸೇರುವ ಹೊತ್ತಿನಲ್ಲಿ ಇಲ್ಲವಾಯಿತು. ನೌಕೆಯನ್ನು ಕಟ್ಟಿದವರು ಕೊಲರಾಡೊದಲ್ಲಿ, ದಾರಿ ತೋರಿಸುವವರು ಕ್ಯಾಲಿಫೋರ್ನಿಯದಲ್ಲಿ. ಒಂದು ತಂಡದ ತಂತ್ರಾಂಶ ತಳ್ಳುಬಲವನ್ನು ಪೌಂಡುಗಳ ಲೆಕ್ಕದಲ್ಲಿ ಕೊಟ್ಟಿತು. ಇನ್ನೊಂದು ತಂಡ ಅದನ್ನು ನ್ಯೂಟನ್ನುಗಳ ಲೆಕ್ಕವೆಂದುಕೊಂಡಿತು. ಒಂದು ಪೌಂಡು ಬಲ ಎಂದರೆ ಸುಮಾರು ನಾಲ್ಕೂವರೆ ನ್ಯೂಟನ್. ದಾರಿ ಸ್ವಲ್ಪ ಸ್ವಲ್ಪವೇ ತಪ್ಪುತ್ತಿದೆ ಎಂಬ ಅನುಮಾನ ಕೆಲವರಿಗೆ ಮೊದಲೇ ಬಂದಿತ್ತು. ಆದರೆ ಅದು ಕೇಳಬೇಕಾದವರ ಕಿವಿಗೆ, ಕೇಳಬೇಕಾದ ರೀತಿಯಲ್ಲಿ ತಲುಪಲಿಲ್ಲವೆಂದು ವಿಚಾರಣೆಯಲ್ಲಿ ಕಂಡುಬಂತು. ಕಾಣುವುದೊಂದೇ ಸಾಲದು; ಕಂಡದ್ದನ್ನು ದಾಟಿಸಬೇಕು, ದಾಟಿಸಿದ್ದನ್ನು ಕೇಳಿಸಿಕೊಳ್ಳಬೇಕು. ಫ್ರಾಯಿಂಡರು ಬರೆದಾಗ ಜಗತ್ತು ಅಂದೇ ಕೇಳಿಸಿಕೊಂಡಿತು. ಕೋಲಿನ್ ಬರೆದಾಗ ಯಾರೂ ಕೇಳಿಸಿಕೊಳ್ಳಲಿಲ್ಲ. ಯಂತ್ರದ ಅರ್ಧ ಸೆಕೆಂಡಿನ ಬಳಲಿಕೆಗೆ ದೊರೆತ ಅವಧಾನ ಮನುಷ್ಯನ ವರ್ಷಗಳ ಬಳಲಿಕೆಗೆ ದೊರೆಯಲಿಲ್ಲ ಎಂಬುದು ಈ ಪ್ರಕರಣದ ನಿಜವಾದ ದುಃಖ.

ಇದೆಲ್ಲ ದೂರದೇಶದ ದೊಡ್ಡ ಪ್ರಕರಣಗಳ ಮಾತಾಯಿತು. ಇದೇ ಪ್ರಶ್ನೆ ನಮ್ಮ ಬೆಂಗಳೂರಿನ ಮನೆಗಳಲ್ಲಿ ದಿನವೂ ಬೇರೆ ರೂಪದಲ್ಲಿ ಎದುರಾಗುತ್ತದೆ. ಕ್ಯಾಲಿಫೋರ್ನಿಯಕ್ಕೂ ನಮಗೂ ಬೇಸಗೆಯಲ್ಲಿ ೧೨ ಗಂಟೆ ೩೦ ನಿಮಿಷ, ಚಳಿಗಾಲದಲ್ಲಿ ೧೩ ಗಂಟೆ ೩೦ ನಿಮಿಷ ಅಂತರ. ಅಲ್ಲಿ ಬೆಳಿಗ್ಗೆ ೯ ಗಂಟೆಗೆ ಸಭೆ ಸೇರಿದರೆ ಇಲ್ಲಿ ರಾತ್ರಿ ೯-೩೦ ಇಲ್ಲವೆ ೧೦-೩೦. ಸೂರ್ಯನನ್ನು ಯಾರೂ ದೂರುವಂತಿಲ್ಲ. ಆದರೆ ಸಭೆಯ ವೇಳೆಯನ್ನು ಗೊತ್ತುಮಾಡುವವನು ಸೂರ್ಯನಲ್ಲ. ಮಗುವನ್ನು ಮಲಗಿಸುವ ಹೊತ್ತಿನಲ್ಲಿ ಯಾವಾಗಲೂ ಇಲ್ಲಿನವರೇ ತೆರೆಯ ಮುಂದೆ ಕೂರಬೇಕೆಂದಾದರೆ, ಹಣ ಕೊಡುವವನ ಹಗಲಿಗೆ ಕೆಲಸ ಮಾಡುವವನ ಇರುಳು ಸಲ್ಲಬೇಕು ಎಂಬ ತೀರ್ಮಾನ ಅದರ ಹಿಂದೆ ಇರುತ್ತದೆ. ಯಾರೂ ಬಾಯಿಬಿಟ್ಟು ಹೇಳದ ಕಾರಣ ಅದು ತೀರ್ಮಾನವೆಂದು ತೋರುವುದಿಲ್ಲ. ಒಂದು ವಾರ ಅವರು ಬೇಗ ಏಳಲಿ, ಇನ್ನೊಂದು ವಾರ ನಾವು ತಡವಾಗಿ ಮಲಗೋಣ ಎನ್ನುವ ತಂಡಗಳೂ ಉಂಟು. ಸಭೆಯೇ ಬೇಡ, ವಿಷಯವನ್ನು ಸಾಂಗವಾಗಿ ಬರೆದಿಟ್ಟು ಮಲಗಿ, ನಾವು ಎದ್ದು ಓದುತ್ತೇವೆ ಎನ್ನುವವರೂ ಉಂಟು. ಚೆನ್ನಾಗಿ ಬರೆದಿಡುವುದು ಬರಿಯ ಅಚ್ಚುಕಟ್ಟಿನ ಮಾತಲ್ಲ. ಆಚೆಯ ದಂಡೆಯಲ್ಲಿರುವವನ ನಿದ್ದೆಗೆ ತೋರುವ ಮರ್ಯಾದೆ. ಏಕೆ ಹೀಗೆ ಮಾಡಿದೆ ಎಂಬುದನ್ನು ಬರೆಯದೆ ಹೋದರೆ, ಅದನ್ನು ಊಹಿಸುವ ಕಷ್ಟವನ್ನು ಕಾಣದವನ ತಲೆಗೆ ಕಟ್ಟಿದಂತಾಗುತ್ತದೆ.

ಇದೆಲ್ಲ ಭಾವುಕತೆ, ವ್ಯವಹಾರದಲ್ಲಿ ಲೆಕ್ಕಕ್ಕೆ ಬರುವುದು ಕೆಲಸವೊಂದೇ ಎನ್ನುವವರುಂಟು. ವ್ಯವಹಾರದ ಲೆಕ್ಕವನ್ನೇ ಹಿಡಿದು ನೋಡಿದರೂ, ಒಬ್ಬ ಒಂಟಿ ಮನುಷ್ಯನ ಬಳಲಿಕೆ ಜಗತ್ತಿನ ಬೀಗಗಳನ್ನೆಲ್ಲ ಅಪಾಯಕ್ಕೆ ಒಡ್ಡಿತಲ್ಲ! ಇನ್ನು ಕೆಲವರು, ಎಲ್ಲರನ್ನೂ ಮತ್ತೆ ಕಚೇರಿಗೆ ಕರೆಸಿದರೆ ಈ ತೊಡಕು ತೀರುತ್ತದೆ ಎನ್ನುತ್ತಾರೆ. ಸ್ವಲ್ಪ ತೀರಬಹುದು. ಆದರೆ ಒಂದೇ ಕೊಠಡಿಯಲ್ಲಿ ಹತ್ತು ವರ್ಷ ಕುಳಿತು, ಪಕ್ಕದ ಮೇಜಿನವನ ಮನೆಯ ಸಾವು ತಿಂಗಳ ಮೇಲೆ ತಿಳಿದ ಕಚೇರಿಗಳೂ ಇವೆ. ಹತ್ತಿರ ಕೂರಿಸಿದ ಮಾತ್ರಕ್ಕೆ ಅವಧಾನ ಬರುವುದಿಲ್ಲ. ಹತ್ತಿರವಿದ್ದಾಗ ಅದು ಅಭ್ಯಾಸಬಲದಿಂದ ಸ್ವಲ್ಪ ಒದಗುತ್ತದೆ. ದೂರವಿದ್ದಾಗ ಬುದ್ಧಿಪೂರ್ವಕವಾಗಿ ಕೊಡಬೇಕಾಗುತ್ತದೆ. ಅಷ್ಟೇ ವ್ಯತ್ಯಾಸ.

ಮುಯ್ಯಿ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳಿವೆ. ಮದುವೆಮನೆಯಲ್ಲಿ ಮಾಡುವ ಮುಯ್ಯಿ ಪ್ರೀತಿಯದು; ಮುಯ್ಯಿ ತೀರಿಸಿಕೊಳ್ಳುತ್ತೇನೆ ಎನ್ನುವುದು ಹಗೆಯದು. ಎರಡರಲ್ಲಿಯೂ ತೆಗೆದುಕೊಂಡದ್ದನ್ನು ಹಿಂತಿರುಗಿಸುವ ನೆನಪು ಒಂದಿದೆ. ನಾವು ಪ್ರತಿದಿನ ಹೆಸರೂ ತಿಳಿಯದ ಸಾವಿರಾರು ಜನರ ಕೆಲಸವನ್ನು ತೆಗೆದುಕೊಳ್ಳುತ್ತಿದ್ದೇವೆ. ಫೋನಿನಲ್ಲಿ ಹಣ ಕಳುಹಿಸುವಾಗ, ರೈಲಿಗೆ ಟಿಕೆಟ್ಟು ಕಾದಿರಿಸುವಾಗ, ಮೊಮ್ಮಗುವಿನ ಮುಖವನ್ನು ತೆರೆಯ ಮೇಲೆ ನೋಡುವಾಗ, ಅವರು ನಮ್ಮ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿ ಹೋಗಿದ್ದಾರೆ. ಅವರ ಗದ್ದೆ ಎಲ್ಲಿದೆಯೋ ನಮಗೆ ಗೊತ್ತಿಲ್ಲ. ಅಲ್ಲಿಗೆ ಹೋಗಿ ಮುಯ್ಯಿ ತೀರಿಸುವಂತಿಲ್ಲ. ನಮ್ಮ ಕೈಗೆ ಬಂದ ಕೆಲಸದಲ್ಲಿ, ನಮಗೆ ಸಿಕ್ಕ ಕಾಣದ ಜೊತೆಗಾರನಿಗೆ, ಅದನ್ನು ಸಲ್ಲಿಸಬಹುದು. ಅವನ ಕೆಲಸವನ್ನು ಸಾಲುಸಾಲಾಗಿ ಓದಬೇಕು. ಅದು ಸಂಶಯವಲ್ಲ, ಗೌರವ. ಅವನ ಉತ್ತರ ಎರಡು ದಿನ ತಡವಾದರೆ, ದೂರಿನ ಪತ್ರ ಬರೆಯುವ ಮುನ್ನ ಹೇಗಿದ್ದೀರಿ ಎಂದು ಒಂದು ಸಾಲು ಬರೆಯಬೇಕು.